ಮೊದಲ ಪುಟದ ಆಹೇರ

ನಮ್ಮ ಕಂಬಳಿಯ ವೆಬ್‌ಸೈಟನ್ನು ಕಟ್ಟಿದವಳು ನಾನು. ಮೊದಲ ಒಂದು ವರ್ಷ ಅದನ್ನು ನೋಡಿದವಳೂ ನಾನೊಬ್ಬಳೇ. ಕಾಗವಾಡದಲ್ಲಿ ಬೆಳೆದು, ಚಿಕ್ಕೋಡಿಯಲ್ಲಿ ಬಿ.ಕಾಂ. ಮತ್ತು ಕಂಪ್ಯೂಟರ್ ಕ್ಲಾಸು ಮುಗಿಸಿ, ಮುಗಳಖೋಡದ ಹಾಲಸಿದ್ದನನ್ನು ಮದುವೆಯಾದೆ. ಗಂಡ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುತ್ತಿದ್ದ. ಅತ್ತೆ ಸಾವಿತ್ರೆವ್ವ ಉಣ್ಣೆ ನೂಲುತ್ತಿದ್ದರು. ಮಾವ ವರ್ಷದ ಮುಕ್ಕಾಲು ಪಾಲು ಕುರಿಗಳ ಹಿಂದೆ ಇರುತ್ತಿದ್ದರು. ಮನೆಗೆ ಬಂದಾಗಲೂ ಹೆಚ್ಚಿನ ಮಾತು ಕುರಿಗಳ ಜೊತೆಗೇ. ನನಗೆ ಉಳಿದ ಕೆಲಸ ಎರಡು, ರೊಟ್ಟಿ ಮತ್ತು ಇಂಟರ್ನೆಟ್ಟು. ರೊಟ್ಟಿ ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ವೆಬ್‌ಸೈಟಿನ ತಲೆಬರಹಕ್ಕೆ ನಾನು ಇಂಗ್ಲಿಷಿನಲ್ಲಿ 'ನಮ್ಮ ಹೋಮ್ ಪೇಜಿಗೆ ಸ್ವಾಗತ' ಎಂದು ಹಾಕಿದ್ದೆ. ಮನೆಗೆ ಬಂದವರನ್ನು ಸ್ವಾಗತಿಸುವುದು ನಮ್ಮ ಪದ್ಧತಿ. ಗೂಗಲ್‌ನಲ್ಲಿ ಕಂಬಳಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಸಿಗುತ್ತಿದ್ದವರು ಮುಂಬೈಯಲ್ಲಿ ಆ ಅಡ್ಡಹೆಸರು ಇಟ್ಟುಕೊಂಡ ಜನ. ವಕೀಲರು, ಎಸ್ಟೇಟ್ ಏಜೆಂಟರು, ಒಬ್ಬ ದಂತವೈದ್ಯರು. ಆ ದಂತವೈದ್ಯರ ಹೆಸರು ಎಷ್ಟು ಸಲ ಕಣ್ಣಿಗೆ ಬಿತ್ತೆಂದರೆ, ಹಲ್ಲು ನೋವು ಬಂದರೆ ಮುಂಬೈಯಲ್ಲಿ ಯಾರ ಹತ್ತಿರ ಹೋಗಬೇಕೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಯಿತು. ನಮ್ಮ ಕಂಬಳಿಯ ಸುಳಿವು ಮಾತ್ರ ಹತ್ತನೆಯ ಪುಟದಲ್ಲಿಯೂ ಇರಲಿಲ್ಲ. ಹತ್ತನೆಯ ಪುಟದವರೆಗೆ ಯಾರು ಹೋಗುತ್ತಾರೆ? ನಾನು ಹೋಗುತ್ತಿದ್ದೆ.

ಕೊನೆಗೆ ನಿಪ್ಪಾಣಿಯ ಪ್ರಾಜಕ್ತಾಳನ್ನು ಹಿಡಿದೆ. ಅಂಗಡಿಕಾರರಿಗೆಲ್ಲ ವೆಬ್‌ಸೈಟು ಮಾಡಿಕೊಡುವುದೇ ಅವಳ ಉದ್ಯೋಗ. ನನ್ನನ್ನು 'ಕೋಮಲತಾಯಿ' ಎಂದು ಕರೆಯುತ್ತಿದ್ದಳು. ನಿಪ್ಪಾಣಿ ಕಡೆಯ ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಅದು ಗೊತ್ತಿದ್ದರೂ ಪ್ರತಿ ಸಲ ನನಗೆ ಸ್ವಲ್ಪ ವಯಸ್ಸಾದ ಹಾಗೆ ಆಗುತ್ತಿತ್ತು.

"ನಿಮಗ ಏನ್ ಹೇಳಬೇಕಾಗೈತಿ ಅದನ್ನ ಬರೀಬ್ಯಾಡ್ರಿ ಕೋಮಲತಾಯಿ," ಅಂದಳು. "ಕೊಳ್ಳಾವ್ರು ಏನ್ ಟೈಪ್ ಮಾಡ್ತಾರ ಅದನ್ನ ಬರೀರಿ. ಪುಣೆ, ಸಾಂಗ್ಲಿ, ಕೊಲ್ಹಾಪುರದಾಗ ಇದಕ್ಕ ಯಾರ ಕಂಬಳಿ ಅಂತಾರ? ಘೋಂಗಡಿ ಅಂತಾರ."

ತಲೆಬರಹ ಬದಲಾಯಿತು. ಸ್ವಾಗತ ಹೋಗಿ ಘೋಂಗಡಿ ಬಂತು. ಕೈಮಗ್ಗದ್ದು, ಕರಿ ಕುರಿಯ ಉಣ್ಣೆಯದು, ಹುಣಸೆ ಬೀಜದ ಗಂಜಿ ಹಚ್ಚಿದ್ದು ಎಂದೆಲ್ಲ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಪ್ರತಿ ಫೋಟೋದ ಅಡಿಗೆ ಅದು ಏನೆಂದು ಬರೆಯಬೇಕಂತೆ, ಯಾಕೆಂದರೆ ಗೂಗಲ್ಲಿಗೆ ಚಿತ್ರ ಕಾಣುವುದಿಲ್ಲ, ಅಕ್ಷರ ಮಾತ್ರ ಕಾಣುತ್ತದೆ. ನನ್ನ ಗಂಡನಿಗೆ ಇದು ಬಹಳ ಹಿಡಿಸಿತು. ಹಾಗಾದರೆ ಕರಿ ಹಿನ್ನೆಲೆಯ ಮೇಲೆ ಕರಿ ಅಕ್ಷರದಲ್ಲಿ ಪುಟದ ತುಂಬ ಘೋಂಗಡಿ, ಘೋಂಗಡಿ ಎಂದು ಬರೆದುಬಿಡೋಣ, ಗಿರಾಕಿಗೆ ಕಾಣುವುದಿಲ್ಲ, ಗೂಗಲ್ಲಿಗೆ ಕಾಣುತ್ತದೆ ಎಂದ. ಮಗ್ಗದಲ್ಲಿ ಕೂತವನಿಗೆ ಯೋಚಿಸಲು ಸಮಯ ಬಹಳ. ಪ್ರಾಜಕ್ತಾ ಕೇಳಿ, ಈ ಉಪಾಯ ಲೋಕದವರೆಲ್ಲ ಮಾಡಿ ಮುಗಿಸಿದ್ದಾರೆ, ಸಿಕ್ಕಿಬಿದ್ದೂ ಆಗಿದೆ ಎಂದಳು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ.

ಇಷ್ಟೆಲ್ಲ ಮಾಡಿ ಆರನೆಯ ಪುಟಕ್ಕೆ ಬಂದೆವು. ಮುಂದೇನೆಂದು ಕೇಳಿದಾಗ ಪ್ರಾಜಕ್ತಾ ನಮ್ಮ ಮನೆಗೇ ಬಂದು, ಚಹಾ ಕುಡಿಯುತ್ತ ವಿವರಿಸಿದಳು. ಉಳಿದವರ ವೆಬ್‌ಸೈಟುಗಳಲ್ಲಿ ನಮ್ಮದರ ಹೆಸರು ಬರಬೇಕು, ಅದನ್ನು ಒತ್ತಿದರೆ ನಮ್ಮ ಪುಟ ತೆರೆಯಬೇಕು. ಅದಕ್ಕೆ ಲಿಂಕು ಎನ್ನುತ್ತಾರೆ. ಲಿಂಕು ಹೆಚ್ಚಾದಷ್ಟೂ ಗೂಗಲ್ ನಮ್ಮನ್ನು ಮೇಲೆ ತರುತ್ತದೆ. ದೊಡ್ಡವರು ಕೊಟ್ಟ ಒಂದು ಲಿಂಕು ಸಣ್ಣವರು ಕೊಟ್ಟ ನೂರಕ್ಕೆ ಸಮ. ಕೇಳುತ್ತ ಕೇಳುತ್ತ ನನಗೆ ಗೂಗಲ್ ಬಗ್ಗೆ ಒಂದು ಆತ್ಮೀಯತೆಯೇ ಬಂತು, ಅದು ಥೇಟು ನಮ್ಮ ಅತ್ತೆಯ ಹಾಗೆ. ನಿಮ್ಮ ಬಗ್ಗೆ ನೀವು ಹೇಳಿಕೊಂಡದ್ದನ್ನು ಕೇಳಿಸಿಕೊಳ್ಳುತ್ತದೆ, ನಂಬುವುದು ಮಾತ್ರ ನಾಲ್ಕು ಮಂದಿ ಹೇಳಿದ್ದನ್ನು.

ಅತ್ತೆ ಮೂಲೆಯಲ್ಲಿ ನೂಲುತ್ತ ಕೂತವರು ಕೈ ನಿಲ್ಲಿಸದೆ ಅಂದರು: "ಆಹೇರ ಅನ್ರಿ. ಸುಮ್ನ ಇಷ್ಟ ಹೊತ್ತ ಹೇಳಾಕತ್ತೀರಿ."

ಅಲ್ಲಿಗೆ ಎಲ್ಲರಿಗೂ ತಿಳಿಯಿತು. ಮದುವೆ, ವಾಸ್ತುಶಾಂತಿಗಳಲ್ಲಿ ಬಂಧುಗಳು ಉಡಿಸುವ ಸೀರೆ, ಜಂಪರು, ಟವೆಲು, ಟೋಪಿ, ಇವೇ ಆಹೇರ. ಸೋದರಮಾವನ ಆಹೇರದ ತೂಕ ಬೇರೆ, ಓಣಿಯವರದರ ತೂಕ ಬೇರೆ. ಯಾರದು ಬಂತು, ಯಾರದು ಬರಲಿಲ್ಲ ಎಂಬುದರ ಮೇಲೆ ಮನೆತನದ ದರ್ಜೆ ನಿಲ್ಲುತ್ತದೆ. ಮತ್ತು ಆಹೇರ ಬಂದರೆ ತಿರುಗಿ ಆಹೇರ ಹೋಗಬೇಕು. ಅದರಲ್ಲಿ ಅತ್ತೆಯಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಯಾರ ಋಣವನ್ನೂ ಅವರು ಒಂದು ರಾತ್ರಿಯೂ ಉಳಿಸಿಕೊಳ್ಳುತ್ತಿರಲಿಲ್ಲ.

ಅದೇ ಕಟ್ಟುನಿಟ್ಟಿನಿಂದ ಅವರ ತವರು ಮುರಿದಿತ್ತು. ನಾನು ಈ ಮನೆಗೆ ಬರುವುದಕ್ಕಿಂತ ಎಷ್ಟೋ ಮುಂಚಿನ ಮಾತು. ಈ ಮನೆಯ ವಾಸ್ತುವಿಗೆ ಅಥಣಿಯಿಂದ ಅವರ ಅಣ್ಣ ಬೀರದೇವ ಮತ್ತು ವೈನಿ, ಅಂದರೆ ಅತ್ತಿಗೆ, ಮಲಕವ್ವ ಹಸಿರು ಸೀರೆ ತಂದಿದ್ದರು. ಅವರು ಹೊರಡುವಾಗ ಅತ್ತೆ ಅವಸರದಲ್ಲಿ ಆಹೇರದ ರಾಶಿಗೆ ಕೈಹಾಕಿ, ಸಿಕ್ಕ ಸೀರೆಯನ್ನು ಕಾಗದದಲ್ಲಿ ಸುತ್ತಿದ ಹಾಗೇ ವೈನಿಗೆ ತಿರುಗಿ ಕೊಟ್ಟು ಕಳಿಸಿದರು. ಮನೆಗೆ ಹೋಗಿ ಬಿಚ್ಚಿ ನೋಡಿದರೆ ಅದೇ ಹಸಿರು ಸೀರೆ. ಮಲಕವ್ವ ತನ್ನ ಕೈಯಾರೆ ಹಚ್ಚಿದ ಅರಿಷಿಣದ ಬೊಟ್ಟು ಸೆರಗಿನಲ್ಲಿ ಹಾಗೇ ಇತ್ತು. ತಂದದ್ದನ್ನೇ ಮುಖಕ್ಕೆ ಎಸೆದಳು ಎಂದು ಅವರಿಗೆ ಅರ್ಥವಾಯಿತು. ಅಣ್ಣ ಮತ್ತೆ ಈ ಕಡೆ ಕಾಲಿಡಲಿಲ್ಲ. ತಪ್ಪಿ ಆಯಿತೆಂದು ಹೇಳಲು ಅತ್ತೆಯೂ ಹೋಗಲಿಲ್ಲ. ಹೇಳಿ ಕಳಿಸಿದರು. ಹೇಳಿ ಕಳಿಸಿದ್ದು ನಡುವೆ ಎಲ್ಲೋ ಬೇರೆ ಆಯಿತು. ನಾಗಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆಯಲು ತವರಿನವರು ಬರುವಾಗ ಅತ್ತೆ ಕದ ಮುಂದೆ ಮಾಡಿಕೊಂಡು ನೂಲುತ್ತಿದ್ದರು. ನನಗೆ ಅವರ ಮೇಲೆ ಆಗಾಗ ಸಿಟ್ಟಿತ್ತು, ಆದರೆ ಆ ದಿನ ಮಾತ್ರ ಅವರನ್ನು ನೋಡಲು ಆಗುತ್ತಿರಲಿಲ್ಲ.

ಇರಲಿ, ಲಿಂಕು. ನನ್ನ ಗಂಡ ಮಗ್ಗ ಬಿಟ್ಟು ಮೋಟಾರ್‌ಸೈಕಲ್ ಹತ್ತಿ, ವೆಬ್‌ಸೈಟು ಇದ್ದ ಬಂಧುಗಳನ್ನೆಲ್ಲ ಹುಡುಕಿಕೊಂಡು ಹೊರಟ. ಬೋರಗಾಂವದಲ್ಲಿ ಪಾವರ್‌ಲೂಮ್ ಇಟ್ಟ ಕಾಕಾನ ಮಗ, ಚಿಕ್ಕೋಡಿಯಲ್ಲಿ ಟ್ರ್ಯಾಕ್ಟರ್ ಸಾಮಾನು ಮಾರುವ ಷಡ್ಡಕ, ನಿಪ್ಪಾಣಿಯ ಬ್ಯಾಂಡ್ ಕಂಪನಿ, ಕಾಗವಾಡದಲ್ಲಿ ಕೋಳಿ ಆಹಾರ ಮಾರುವ ನನ್ನ ತಮ್ಮ. ಎಲ್ಲರೂ ಸಂತೋಷದಿಂದ ಲಿಂಕು ಕೊಟ್ಟರು, ಎಲ್ಲರೂ ತಿರುಗಿ ಕೇಳಿದರು. ಕೇಳದವರಿಗೂ ನಾವೇ ಕೊಟ್ಟೆವು. ರಾಯಬಾಗದ ಭೀಮಸಿ ಎಂಬವನಿಗೆ ವೆಬ್‌ಸೈಟು ಇರಲಿಲ್ಲ. ಆಹೇರ ತಪ್ಪಬಾರದೆಂದು ಹೊಸದಾಗಿ ಒಂದನ್ನು ಮಾಡಿಸಿ ಲಿಂಕು ಕೊಟ್ಟ. ಅದರಲ್ಲಿ ಅವನ ಫೋಟೋ ಮತ್ತು ನಮ್ಮ ಲಿಂಕು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ಪುಟದ ಅಡಿಯಲ್ಲಿ 'ಬಂಧು-ಬಳಗ' ಎಂಬ ಭಾಗ ಬೆಳೆಯುತ್ತ ಹೋಗಿ ಕಂಬಳಿಗಿಂತ ಉದ್ದವಾಯಿತು.

ಕೆಲಸ ಆಯಿತು ಎನ್ನಲೇಬೇಕು. ಎರಡು ಸಾವಿರದ ಹನ್ನೊಂದರ ದೀಪಾವಳಿ ಹೊತ್ತಿಗೆ ಘೋಂಗಡಿ ಎಂದು ಹುಡುಕಿದರೆ ಮೊದಲ ಪುಟದಲ್ಲಿ ಮೂರನೆಯವರು ನಾವು. ಪುಣೆಯಿಂದ ಬೇಡಿಕೆ ಬರತೊಡಗಿತು. ಧ್ಯಾನ ಮಾಡುವವರು ಬಹಳ. ಒಬ್ಬ ಹೆಣ್ಣುಮಗಳು ಫೋನು ಮಾಡಿ, ಉಣ್ಣೆ ತೆಗೆಯುವಾಗ ಕುರಿ ಸಂತೋಷವಾಗಿತ್ತೇ ಎಂದು ಕೇಳಿದಳು. ಮಾವನನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಕೆಲವು ಇದ್ವು," ಅಂದರು.

ನಮ್ಮ ಪುಟಕ್ಕೆ ಯಾರು ಎಲ್ಲಿಂದ ಬಂದರೆಂದು ನೋಡಲು ಒಂದು ಲೆಕ್ಕದ ಪುಟ ಇರುತ್ತದೆ. ಒಂದು ದಿನ ಅದರಲ್ಲಿ ಅಥಣಿಯ ಬೋರ್‌ವೆಲ್ ಕೊರೆಯುವವರ ವೆಬ್‌ಸೈಟಿನಿಂದ ಒಬ್ಬರು ಬಂದ ಗುರುತು ಕಂಡಿತು. ಅಲ್ಲಿ ಯಾರನ್ನೂ ನಾವು ಕೇಳಿರಲಿಲ್ಲ. ತೆರೆದು ನೋಡಿದೆ. ಬೋರಿನ ಗಾಡಿ, ಕೇಸಿಂಗ್ ಪೈಪು, ಚಿಮ್ಮುವ ನೀರಿನ ಫೋಟೋ. ಕೆಳಗೆ ಒಂದು ಸಾಲು: 'ಕಂಬಳಿ ಬೇಕಾದರೆ ನಮ್ಮ ತಂಗಿಯ ಮನೆ.' 'ನಮ್ಮ ತಂಗಿಯ ಮನೆ' ಎಂಬಲ್ಲಿ ಒತ್ತಿದರೆ ನಮ್ಮ ಪುಟ ತೆರೆಯುತ್ತಿತ್ತು.

ಅತ್ತೆಗೆ ಓದಿ ಹೇಳಿದೆ. ಅತ್ತೆ ಮತ್ತೊಮ್ಮೆ ಓದಿಸಿದರು. ಅಕ್ಷರ ಬಾರದ ಅವರು ಆ ಸಾಲು ಎಲ್ಲಿದೆಯೆಂದು ಬೆರಳಿಟ್ಟು ಕೇಳಿ, ತಾವೇ ಒತ್ತಿದರು. ನಮ್ಮ ಪುಟ ತೆರೆಯಿತು. "ಅಣ್ಣನ ಮನಿಯಿಂದ ನಮ್ಮ ಮನಿಗೆ ಬಂತ ನೋಡು," ಅಂದರು. ಅಂದಿನಿಂದ ದಿನಾ ಮುಂಜಾನೆ ದೇವರಿಗೆ ದೀಪ ಹಚ್ಚಿ, ಕಂಪ್ಯೂಟರಿನ ಮುಂದೆ ಬಂದು ಒಂದು ಸಲ ಒತ್ತುವುದು ಅವರ ನೇಮವಾಯಿತು. ಕರೆಂಟು ಇಲ್ಲದ ದಿನ ಚಡಪಡಿಸುತ್ತಿದ್ದರು. ಪ್ರಾಜಕ್ತಾ ಮಾತ್ರ ಲಿಂಕಿನಲ್ಲಿ 'ಘೋಂಗಡಿ' ಎಂಬ ಶಬ್ದ ಇದ್ದರೆ ಉಪಯೋಗವಿತ್ತು, 'ತಂಗಿಯ ಮನೆ' ಎಂದು ಯಾರು ಹುಡುಕುತ್ತಾರೆ ಎಂದಳು.

ಆಹೇರ ಬಂದಮೇಲೆ ಕೇಳಬೇಕೆ? ಈ ಸಲ ಸರಿಯಾಗಿ ತಿರುಗಿ ಹೋಗಬೇಕು ಎಂದು ಅತ್ತೆ ಹಟ ಹಿಡಿದರು. ಕೆಳಗಿನ ಬಳಗದಲ್ಲಿ ಅಲ್ಲ, ಎಲ್ಲಕ್ಕಿಂತ ಮೇಲೆ. ಹೀಗಾಗಿ ಪುಣೆಯವರು ನಮ್ಮ ಕಂಬಳಿಯ ಪುಟ ತೆರೆದರೆ ಮೊದಲು ಕಾಣುತ್ತಿದ್ದುದು 'ಬೋರ್ ಹೊಡೆಸುವುದಿದ್ದರೆ ಅಥಣಿಯ ನಮ್ಮ ಅಣ್ಣನ ಮನೆ' ಎಂಬ ಸಾಲು. ಇಷ್ಟಾದರೂ ಅಣ್ಣ ತಂಗಿ ಫೋನಿನಲ್ಲಿ ಮಾತಾಡಲಿಲ್ಲ. ಮಾತು ಮನೆ ಕೆಡಿಸಿತು ಎಂದು ಇಬ್ಬರಿಗೂ ಗೊತ್ತಿತ್ತೇನೋ. ಲಿಂಕು ಅವರಿಗೆ ಸಾಕಾಗಿತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ನಾವು ಮೊದಲ ಪುಟದಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಇಲ್ಲ, ಹತ್ತನೆಯದರಲ್ಲಿಯೂ ಇಲ್ಲ. ಫೋನು ಸುಮ್ಮನಾಯಿತು. ಗೂಗಲ್‌ನಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂದಿತ್ತು. ನಾನು ಗಂಡನಿಗೆ ಕನ್ನಡದಲ್ಲಿ ಓದಿ ಹೇಳಿದೆ: ನಿಮ್ಮ ಸೈಟಿಗೆ ಅಸಹಜ ಸಂಬಂಧಗಳಿರುವುದು ಕಂಡುಬಂದಿದೆ.

ಗಂಡ ಕುಣಿಯಿಂದ ಮೇಲೆ ಬಂದ. "ಅಸಹಜ ಸಂಬಂಧ ಅಂದ್ರ?"

"ಲಿಂಕ್ ರಿ."

"ಒಬ್ಬಾಂವ ಸ್ವಂತ ಸ್ವಾದರಮಾವ. ಒಬ್ಬಾಂವ ಕಾಕಾನ ಮಗ. ಇನ್ನೊಬ್ಬಾಂವ ನಿನ್ನ ತಮ್ಮ. ಇದರಾಗ ಅಸಹಜ ಏನೈತಿ? ಅವರಿಗೆ ಬರದ ತಿಳಸು, ನಮ್ಮ ಮನಿತಾನ ಅಂಥಾದ್ದಲ್ಲ."

ಪ್ರಾಜಕ್ತಾ ಬಿಡಿಸಿ ಹೇಳಿದಳು. ನೀನು ನನಗೆ ಕೊಡು, ನಾನು ನಿನಗೆ ಕೊಡುತ್ತೇನೆ ಎನ್ನುವ ಲಿಂಕುಗಳನ್ನು ಗೂಗಲ್ ಈಗ ವಾಸನೆ ಹಿಡಿಯುತ್ತದೆ. ಕೋಳಿ ಆಹಾರದವನು ಕಂಬಳಿಯನ್ನು ಹೊಗಳಿದರೆ, ಕಂಬಳಿಯವಳು ಕೋಳಿ ಆಹಾರವನ್ನು ಹೊಗಳಿದರೆ, ಅದು ಹೊಗಳಿಕೆಯಲ್ಲ, ವ್ಯವಹಾರ. ಕೊಟ್ಟು ತಗೊಂಡದ್ದನ್ನೆಲ್ಲ ಎರಡೂ ಕಡೆ ತೆಗೆಸಬೇಕು. ಆಮೇಲೆ, ತಪ್ಪಾಯಿತು, ಮತ್ತೆ ನೋಡಿರಿ ಎಂದು ಅರ್ಜಿ ಹಾಕಬೇಕು.

ಆಹೇರವನ್ನು ತಿರುಗಿಸಲು ಹೇಳಬೇಕಾದವಳು ಸೊಸೆ. ನಾನು ಒಬ್ಬೊಬ್ಬರಿಗೆ ಫೋನು ಮಾಡಿದೆ. ಬೈಯಿಸಿಕೊಳ್ಳಲು ಸಿದ್ಧಳಾಗಿದ್ದೆ, ಆದರೆ ಎಲ್ಲಾರ ಮನಿ ದ್ವಾಸಿನೂ ತೂತ ಎಂಬ ಹಾಗೆ ಎಲ್ಲರ ಸೈಟೂ ಮುಳುಗಿತ್ತು. ಪಾವರ್‌ಲೂಮ್‌ನವನು ನಾನು ಬಾಯಿ ಬಿಡುವ ಮೊದಲೇ, "ವೈನಿ, ಸಿಟ್ಟ ಮಾಡ್ಕೋಬ್ಯಾಡ್ರಿ, ನಿಮ್ಮದ ತಗದೀನಿ," ಅಂದ. ಭೀಮಸಿ ಮಾತ್ರ ನೊಂದುಕೊಂಡ. ಲಿಂಕು ತೆಗೆದರೆ ತನ್ನ ವೆಬ್‌ಸೈಟಿನಲ್ಲಿ ಫೋಟೋ ಒಂದೇ ಉಳಿಯುತ್ತದೆ ಎಂದ.

ಕೊನೆಗೆ ಉಳಿದದ್ದು ಅಥಣಿ. ಗಂಡ ಅತ್ತೆಯ ಮುಂದೆ ಹೇಳಲಾರ. ಕಂಬಳಿ ಅಟ್ಟದ ಮೇಲೆ ರಾಶಿ ಬೀಳುತ್ತಿದ್ದವು, ಅವನು ಮೇಲೆ ನೋಡುತ್ತಿದ್ದ, ಕೆಳಗೆ ನೋಡುತ್ತಿದ್ದ. ನಾನೇ ಹೇಳಿದೆ. ಅವರು ಬೇಡ ಎಂದರೆ ಬಿಟ್ಟುಬಿಡುತ್ತಿದ್ದೆ, ನಿಜ ಹೇಳುತ್ತೇನೆ. ಮೊದಲ ಪುಟ ಹಾಳಾಗಿ ಹೋಗಲಿ ಎನ್ನುವಷ್ಟು ಬೇಜಾರಾಗಿತ್ತು.

ಅತ್ತೆ ಕದಿರು ಕೆಳಗಿಟ್ಟರು. "ಒಮ್ಮೆ ಅಂವನ ಆಹೇರ ತಿರಿಗಿ ಕಳಿಸಿ ಇಷ್ಟ ವರ್ಷ ಆತು. ಈಗ ಎರಡನೇ ಸಲಾನೂ ನಾನ ಕಳಸ್ಬೇಕೇನ?"

ನಾನೇ ಹೇಳುತ್ತೇನೆಂದು ಫೋನು ತೆಗೆದೆ.

"ಫೋನ್ ಮಾಡಬ್ಯಾಡ," ಅಂದರು. "ಹೇಳಿ ಕಳಿಸಿದ್ದು ಹಿಂದಕ ಏನಾತು ನೋಡೀನಿ. ನಾನ ಹೋಗಿ ಹೇಳ್ತೀನಿ."

ಹಾರೂಗೇರಿಯಲ್ಲಿ ಬಸ್ಸು ಬದಲಿಸಿ, ಕೃಷ್ಣೆ ದಾಟಿ ಅಥಣಿಗೆ ಹೋದೆವು. ಸೇತುವೆಯ ಮೇಲೆ ಅತ್ತೆ ಹೊಳೆಗೆ ಕೈಮುಗಿದರು. ಬೀರದೇವ ಮಾಮಾ ಮನೆಯ ಮುಂದೆ ಬೋರಿನ ಗಾಡಿಯ ಅಡಿಗೆ ಬಗ್ಗಿ ಏನೋ ಬಿಗಿಯುತ್ತಿದ್ದರು. ಎದ್ದು ನಿಂತು ತಂಗಿಯನ್ನು ನೋಡಿದರು. ಕೈಯ ಗ್ರೀಸನ್ನು ಧೋತರಕ್ಕೆ ಒರೆಸಿಕೊಂಡರು, ಅದೂ ಬಿಳಿ ಧೋತರ.

"ಬಂದಿ?" ಅಂದರು.

"ಬಂದೆ."

"ಊಟ ಆತೇನ?"

"ಇಲ್ಲ."

ಎಷ್ಟೋ ವರ್ಷದ ಮೇಲೆ ಅಣ್ಣ ತಂಗಿ ಆಡಿದ ಮಾತು ಇಷ್ಟು. ಒಳಗೆ ಮಲಕವ್ವ ನೀರು ತಂದಿಟ್ಟು, ಕಂಬಕ್ಕೆ ಒರಗಿ ನಿಂತರು. ಅತ್ತೆ ನೀರು ಮುಟ್ಟದೆ ಬಂದ ಕಾರಣ ಹೇಳಿದರು. "ಅಣ್ಣ, ನಿನ್ನ ಆಹೇರ ತಗೀಬೇಕಂತ. ನಾ ಕೊಟ್ಟದ್ದನ್ನೂ ತಗೀತೀವಿ. ನನ್ನ ಮನಸಿಲ್ಲ. ಧಂದೆಕ್ಕ ಪೆಟ್ಟ ಬಿದ್ದೈತಿ. ಮತ್ತೊಬ್ಬರ ಬಾಯಿಂದ ಕೇಳಿದ್ರ ನಿನಗ ಬ್ಯಾರೆ ಅನಸ್ತೈತಂತ ನಾನ ಬಂದೀನಿ."

ಮಾಮಾ ತಲೆ ಆಡಿಸಿದರು. "ನನಗೂ ಅಂದಾರ. ಮದ್ಲ ಅಥಣಿ ಬೋರವೆಲ್ ಅಂದ್ರ ನಾನ ಮೊದಲ ಬರ್ತಿದ್ದೆ. ಈಗ ಎಲ್ಲಿ ಅದೀನಿ ನನಗ ಗೊತ್ತಿಲ್ಲ. ವೆಬ್‌ಸೈಟಿನಾಂವ ಬಂದು ಕಂಬಳಿದು ತಗೀರಿ ಅಂದ. ತಗಿಯಂಗಿಲ್ಲ ಅಂದೆ."

"ಮತ್ತ ಧಂದೆ?"

"ನೀರ ಬೇಕಾದಾವ್ರು ಕೇಳ್ಕೋತ ಬರ್ತಾರ."

ನಾನು ಅಂಗಳಕ್ಕೆ ಬಂದು ಪ್ರಾಜಕ್ತಾಳಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿ, ಲಿಂಕು ಮೊದಲು ಯಾರು ಹಾಕಿದರು ಎಂದಳು. ಅವರು ಎಂದೆ. ನೀವು ಕೇಳಿದ್ದಿರಾ ಎಂದಳು. ಇಲ್ಲ ಎಂದೆ.

"ಹಂಗಾದ್ರ ಅವರದು ಇರ್ಲಿ. ನೀವು ತಿರುಗಿ ಕೊಟ್ಟಿದ್ದಷ್ಟ ತಗೀರಿ," ಅಂದಳು. "ಕೇಳಲಾರದ ಕೊಟ್ಟದ್ದು, ಬದಲಿ ಏನೂ ತಗೊಳ್ಳಲಾರದ್ದು, ಗೂಗಲ್ಲಿಗೆ ಬೇಕಾಗಿರೂದು ಅದ. ನಿಮ್ಮ ಅಷ್ಟೂ ಲಿಂಕಿನಾಗ ಖರೇದು ಅದೊಂದ ಇತ್ತು ಕೋಮಲತಾಯಿ. ಅದನ್ನೂ ನೀವು ತಿರುಗಿ ಕೊಟ್ಟು ಕೆಡಿಸಿದ್ರಿ."

ಒಳಗೆ ಹೋಗಿ ಹೇಳಿದೆ. ಸುದ್ದಿ ಒಳ್ಳೆಯದೇ, ಆದರೆ ಅತ್ತೆಯ ಮುಖ ಇನ್ನೂ ಸಣ್ಣದಾಯಿತು. "ಬರೇ ತಗೊಂಡು ಹೆಂಗ ಇರ್ಲಿ? ಅಣ್ಣಂದು ತಿಂದು ಬಾಯಿ ಒರಿಸ್ಕೊಂಡ್ಳು ಅಂತಾರ ಮಂದಿ."

ಮಾಮಾ ಆಗ ಮೊದಲ ಸಲ ದನಿ ಏರಿಸಿದರು. "ಅವತ್ತರ ತಿರುಗಿ ಕೊಡು ಅಂತ ಯಾರ ಕೇಳಿದ್ರ ನಿನಗ? ಸೀರಿ ತಂದಿದ್ದೆ. ಉಟ್ಗೊಂಡಿದ್ರ ಮುಗೀತಿತ್ತು. ತಂಗಿಗೆ ಒಂದ ಸೀರಿ ಕೊಡಾಕ ನಾ ಏನ ಅಂಗಡಿ ತಗದಿದ್ನೇನ?"

ಮಲಕವ್ವ ಕಂಬ ಬಿಟ್ಟು ಒಳಗೆ ಹೋದರು. ಸಿಟ್ಟಾಗಿ ಹೋದರೆಂದೇ ನಾನು ತಿಳಿದೆ. ಆ ಸೀರೆಯ ಅವಮಾನ ನಿಜವಾಗಿ ಆದದ್ದು ಅವರಿಗೆ. ಹೊರಗೆ ಬಂದಾಗ ಅವರ ಕೈಯಲ್ಲಿ ಮೊರ ಇತ್ತು. ಮೊರದಲ್ಲಿ ತವರಿನ ಹೆಣ್ಣುಮಗಳಿಗೆ ಉಡಿ ತುಂಬುವ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಕೊಂಬು, ಕುಪ್ಪಸದ ಕಣ.

"ಉಡಿ ಒಡ್ಡು," ಅಂದರು.

"ವೈನಿ."

"ಒಡ್ಡ ಅಂದ್ನಿ. ಉಡ್ಯಾಗ ಹಾಕಿದ ಅಕ್ಕಿ ತಿರುಗಿ ಕೊಟ್ಟಾಕಿ ನಮ್ಮ ನಾಡಾಗ ಯಾರರ ಅದಾಳೇನ? ಇದನ್ನ ಹೆಂಗ ತಿರುಗಿ ಕೊಡ್ತಿ ನಾನೂ ನೋಡ್ತೀನಿ."

ಅತ್ತೆ ಸೆರಗು ಒಡ್ಡಿದರು. ಮಲಕವ್ವ ಹಣೆಗೆ ಕುಂಕುಮ ಹಚ್ಚಿ ಅಕ್ಕಿ ಸುರಿದರು. ಅತ್ತೆ ಅತ್ತರು. ಮೆಲ್ಲಗೆ ಅಲ್ಲ, ಓಣಿಗೆ ಕೇಳುವ ಹಾಗೆ, ಒಡ್ಡಿದ ಸೆರಗು ಬಿಡಲು ಬಾರದೆ ಕಣ್ಣೊರೆಸಿಕೊಳ್ಳಲೂ ಆಗದೆ ಅತ್ತರು. ಮಾಮಾ ಬೋರಿನ ಗಾಡಿ ನೋಡುವ ನೆವ ಮಾಡಿ ಹೊರಗೆ ಹೋದರು. ನಾನೂ ಅತ್ತುಬಿಟ್ಟೆ. ನನಗೆ ಅಳಲು ಅಲ್ಲಿ ಏನೂ ಅಧಿಕಾರವಿರಲಿಲ್ಲ, ಆದರೂ ಅತ್ತೆ.

ಊಟ ಮಾಡಿ ಸಂಜೆಯ ಬಸ್ಸು ಹಿಡಿದೆವು. ನದಿ ದಾಟಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಮ್ಯಾಲಿನ ಸಾಲು ತಗದಬಿಡು. ಬೋರಿಂದು."

"ತಗೀತೀನ್ರಿ."

"ಗೂಗಲ್ಲಿಗೆ ಉಡಿ ತುಂಬೂದು ಗೊತ್ತೈತೇನ?"

"ಗೊತ್ತಿದ್ದಂಗ ಕಾಣ್ತೈತ್ರಿ."

"ಮತ್ತ ಇಷ್ಟ ದಿನ ನನಗ ಯಾಕ ಗೊತ್ತಾಗ್ಲಿಲ್ಲ," ಅಂದರು. ಹಾರೂಗೇರಿಯಲ್ಲಿ ಬಸ್ಸು ಬದಲಿಸುವಾಗ ಅವರ ಉಡಿಯ ಗಂಟು ಹಿಡಿದುಕೊಳ್ಳಲೇ ಎಂದು ಕೇಳಿದೆ. ಕೊಡಲಿಲ್ಲ. ಎರಡೂ ಕೈಯಲ್ಲಿ ಅವುಚಿಕೊಂಡು, ನನ್ನ ತೋಳಿಗೆ ಮೈ ಊರಿ ತಾವೇ ಮೆಟ್ಟಿಲು ಹತ್ತಿದರು.